‘ವಯೋಸಹಜ’ ಎಂದು ಬರೆಯುವ ಮುನ್ನ: ಆರೋಗ್ಯ ಸಚಿವರಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು,
ಕರ್ನಾಟಕ ಸರ್ಕಾರ, ಬೆಂಗಳೂರು.

ವಿಷಯ: ವೃದ್ಧರ ಮೆದುಳಿನ ಮೇಲೆ ನಿಧಾನವಾಗಿ ಶೇಖರವಾಗುವ ರಕ್ತವನ್ನು ತಾಲ್ಲೂಕು ಮಟ್ಟದಲ್ಲೇ ಗುರುತಿಸುವ ಬಗ್ಗೆ.

ಮಾನ್ಯರೇ,

ಅಕ್ಟೋಬರ್ 1 ಬಂದರೆ ಹಿರಿಯ ನಾಗರಿಕರ ದಿನ. ಜಿಲ್ಲಾ ಕೇಂದ್ರಗಳಲ್ಲಿ ಶಾಮಿಯಾನ ಏಳುತ್ತದೆ, ಹಿರಿಯರಿಗೆ ಶಾಲು ಹೊದಿಸಿ ಹಾರ ಹಾಕುತ್ತಾರೆ, ಒಂದು ಮೂಲೆಯಲ್ಲಿ ಮೇಜು ಹಾಕಿಕೊಂಡು ದಾದಿಯರು ಬಿ.ಪಿ., ಶುಗರ್ ನೋಡುತ್ತಾರೆ. ಸರ್ಕಾರಿ ಸೇವೆಯಲ್ಲಿದ್ದಷ್ಟು ಕಾಲ ಆ ಮೇಜಿನ ಹಿಂದೆ ನಾನೂ ಕುಳಿತಿದ್ದೇನೆ. ಹೆಸರು, ವಯಸ್ಸು, ತೂಕ, ಕಣ್ಣಿನ ಪೊರೆ, ಸಕ್ಕರೆ ಕಾಯಿಲೆ ಎಲ್ಲಕ್ಕೂ ನಮ್ಮ ನಮೂನೆಯಲ್ಲಿ ಕಾಲಂ ಇತ್ತು. ‘ಈಚೆಗೆ ಎಲ್ಲಾದರೂ ಬಿದ್ದಿರಾ, ತಲೆಗೆ ಪೆಟ್ಟಾಯಿತೆ?’ ಎಂಬುದಕ್ಕೆ ಮಾತ್ರ ಎಂದೂ ಇರಲಿಲ್ಲ. ಈ ಪತ್ರ ಮುಖ್ಯವಾಗಿ ಆ ಒಂದು ಕಾಲಂಗಾಗಿ.

ನಾನು ನಿವೃತ್ತ ಶುಶ್ರೂಷಾಧಿಕಾರಿ. ಸೇವೆಯ ಮೊದಲ ಅರ್ಧ ಮಲೆನಾಡಿನ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ಕಳೆಯಿತು, ಉಳಿದರ್ಧ ಒಂದು ವೈದ್ಯಕೀಯ ಕಾಲೇಜು ಆಸ್ಪತ್ರೆಯ ನ್ಯೂರೋಸರ್ಜರಿ ವಾರ್ಡಿನಲ್ಲಿ. ಹಾಗಾಗಿ ಈ ಕಾಯಿಲೆಯ ಎರಡೂ ತುದಿಗಳನ್ನು ಬಲ್ಲೆ. ಒಂದು ತುದಿಯಲ್ಲಿ ‘ವಯೋಸಹಜ’ ಎಂದು ಚೀಟಿ ಬರೆದು, ಬಿ ಕಾಂಪ್ಲೆಕ್ಸ್ ಮಾತ್ರೆ ಕೊಟ್ಟು ಮನೆಗೆ ಕಳಿಸುತ್ತಾರೆ. ಇನ್ನೊಂದು ತುದಿಯಲ್ಲಿ ಅದೇ ಮನುಷ್ಯನನ್ನು, ಕೆಲವು ವಾರಗಳ ನಂತರ, ಪ್ರಜ್ಞೆಯಿಲ್ಲದ ಸ್ಥಿತಿಯಲ್ಲಿ 108 ವಾಹನದಿಂದ ಇಳಿಸಿಕೊಳ್ಳುತ್ತಾರೆ.

ಕ್ರಾನಿಕ್ ಸಬ್‌ಡ್ಯೂರಲ್ ಹೆಮಟೋಮಾ ಎಂದು ವೈದ್ಯರು ಕರೆಯುವ, ವಾರ್ಡಿನಲ್ಲಿ ನಾವು ಎಸ್‌ಡಿಎಚ್ ಎನ್ನುತ್ತಿದ್ದ ಈ ತೊಂದರೆ ತಮಗೆ ತಿಳಿಯದ್ದೇನಲ್ಲ. ಆದರೂ ಪತ್ರ ಬಹಿರಂಗವಾದ್ದರಿಂದ ಓದುವ ಉಳಿದವರಿಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮೆದುಳನ್ನು ಸುತ್ತಿಕೊಂಡಿರುವ ಪೊರೆಗಳಲ್ಲಿ ಹೊರಗಿನದು ಡ್ಯೂರಾ. ಅದು ದಪ್ಪ, ಗಟ್ಟಿ. ವಯಸ್ಸಾದಂತೆ ಮೆದುಳು ತುಸು ಕುಗ್ಗುತ್ತದೆ, ಬುರುಡೆ ಮಾತ್ರ ಇದ್ದ ಅಳತೆಯಲ್ಲೇ ಉಳಿಯುತ್ತದೆ. ನಡುವೆ ಜಾಗ ಬಿಡುತ್ತದೆ. ಮೆದುಳಿನ ಮೇಲ್ಮೈಯಿಂದ ಡ್ಯೂರಾದತ್ತ ರಕ್ತ ಒಯ್ಯುವ ಸಣ್ಣ ಅಭಿಧಮನಿಗಳು ಈ ಜಾಗವನ್ನು ದಾಟಬೇಕು. ಮೆದುಳು ಕುಗ್ಗಿದಷ್ಟೂ ಅವುಗಳ ಮೇಲೆ ಎಳೆತ ಹೆಚ್ಚುತ್ತದೆ. ಇಪ್ಪತ್ತರ ಹುಡುಗ ತಲೆ ಉಜ್ಜಿಕೊಂಡು ಮುಂದೆ ಹೋಗುವಂಥ ಪೆಟ್ಟು ಎಪ್ಪತ್ತೈದರ ಅಜ್ಜನಲ್ಲಿ ಅಂಥದೊಂದು ನಾಳವನ್ನು ಹರಿಯಲು ಸಾಕು.

ಅಪಧಮನಿ ಹರಿದರೆ ರಕ್ತ ಚಿಮ್ಮುತ್ತದೆ, ಗಂಟೆಗಳಲ್ಲಿ ಗೊತ್ತಾಗುತ್ತದೆ. ಇದು ಅಭಿಧಮನಿಯ ರಕ್ತ, ಜಿನುಗುತ್ತದೆ. ಕುಗ್ಗಿದ ಮೆದುಳಿನ ಸುತ್ತ ಜಾಗವಿರುವುದರಿಂದ ಮೊದಲ ದಿನಗಳಲ್ಲಿ ಏನೂ ಆಗುವುದಿಲ್ಲ. ದೇಹ ಆ ರಕ್ತದ ಸುತ್ತ ಒಂದು ಪೊರೆ ಕಟ್ಟುತ್ತದೆ. ಪೊರೆಯಲ್ಲಿ ಹುಟ್ಟುವ ಹೊಸ ರಕ್ತನಾಳಗಳು ಬಲಹೀನ, ಅವೂ ಜಿನುಗತೊಡಗುತ್ತವೆ. ಹಳೆಯ ಹೆಪ್ಪು ಕರಗಿ ತೆಳುವಾಗುತ್ತಿರುತ್ತದೆ, ಹೊಸ ರಕ್ತ ಬಂದು ಸೇರುತ್ತಿರುತ್ತದೆ. ಹೀಗೆ ಮೂರು ವಾರ, ಆರು ವಾರ, ಕೆಲವರಲ್ಲಿ ಮೂರು ತಿಂಗಳು. ಕೊನೆಗೊಂದು ದಿನ ಒಳಗೆ ಜಾಗ ಮುಗಿಯುತ್ತದೆ, ಮೆದುಳು ಪಕ್ಕಕ್ಕೆ ಸರಿಯತೊಡಗುತ್ತದೆ.

ಅಷ್ಟು ಹೊತ್ತಿಗೆ ಬಿದ್ದದ್ದು ಯಾರಿಗೂ ನೆನಪಿರುವುದಿಲ್ಲ. ಹಲವು ಸಲ ಅದು ಬೀಳುವಿಕೆಯೇ ಆಗಿರುವುದಿಲ್ಲ. ನಮ್ಮ ಕಡೆಯ ಹಳೆಯ ಮನೆಗಳ ಬಾಗಿಲು ಗಿಡ್ಡ, ಕೊಟ್ಟಿಗೆಯ ಬಾಗಿಲು ಇನ್ನೂ ಗಿಡ್ಡ. ಹುಲ್ಲಿನ ಹೊರೆ ಹೊತ್ತು ಒಳಗೆ ಹೋಗುವಾಗ ಮೇಲಿನ ಪಟ್ಟಿ ಹಣೆಗೆ ತಾಗುತ್ತದೆ. ಮಳೆಗಾಲದ ಅಂಗಳದಲ್ಲಿ ಪಾಚಿ, ಬಚ್ಚಲಿನಲ್ಲಿ ಸೋಪಿನ ನೀರು. ಮೊಮ್ಮಗನ ಸ್ಕೂಟರಿನ ಹಿಂದೆ ಹೆಲ್ಮೆಟ್ ಇಲ್ಲದೆ ಕುಳಿತ ಅಜ್ಜಿ, ಹಂಪ್ ಬಂದಾಗ ಪುಟಿದು ಕುಳಿತಲ್ಲೇ ಕುಳಿತುಕೊಳ್ಳುತ್ತಾಳೆ. ತಲೆ ಯಾವುದಕ್ಕೂ ತಾಗದೆ ಬರೀ ಕುಲುಕಿದರೂ ಸಾಕಾಗಬಹುದು. ಮಗ ಬೈಯುತ್ತಾನೆಂದು ಬಿದ್ದದ್ದನ್ನು ಮುಚ್ಚಿಡುವ ತಾಯಂದಿರಂತೂ ಲೆಕ್ಕವಿಲ್ಲ. ಲಂಡನ್ನಿನ ಶಸ್ತ್ರಚಿಕಿತ್ಸಕ ವಿಲ್ಫ್ರೆಡ್ ಟ್ರಾಟರ್ ಈ ರಕ್ತಕ್ಕೆ ಪೆಟ್ಟೇ ಮೂಲ ಎಂದು ವಾದಿಸಿದ್ದು 1914ರಲ್ಲಿ. ಅಂದರೆ ನಾನು ಹೇಳುತ್ತಿರುವುದರಲ್ಲಿ ಹೊಸ ವಿಜ್ಞಾನ ಏನೂ ಇಲ್ಲ. ನೂರು ವರ್ಷ ಹಳೆಯ ತಿಳಿವಳಿಕೆ ನಮ್ಮ ತಾಲ್ಲೂಕುಗಳ ಹೊರರೋಗಿ ವಿಭಾಗಕ್ಕೆ ಇನ್ನೂ ಸರಿಯಾಗಿ ಬಂದು ತಲುಪಿಲ್ಲ, ಅಷ್ಟೇ.

ಈ ಕಾಯಿಲೆ ತನ್ನ ಹೆಸರು ಹೇಳಿಕೊಂಡು ಬರುವುದಿಲ್ಲ. ಒಬ್ಬರಲ್ಲಿ ಬರೀ ತಲೆನೋವು. ಇನ್ನೊಬ್ಬರಲ್ಲಿ ನಡಿಗೆ ಕೆಡುತ್ತದೆ, ಒಂದೇ ಕಾಲಿನ ಚಪ್ಪಲಿ ಪದೇ ಪದೇ ಕಳಚುತ್ತದೆ. ಮತ್ತೊಬ್ಬರು ಊಟಕ್ಕೆ ಕುಳಿತು ಅನ್ನ ಕಲಸುತ್ತಾ ಹಾಗೆಯೇ ತೂಕಡಿಸುತ್ತಾರೆ. ಮಾತು ತೊದಲುತ್ತದೆ, ಮಧ್ಯಾಹ್ನಕ್ಕೆ ಸರಿಹೋದಂತೆ ಕಾಣುತ್ತದೆ, ಸಂಜೆ ಮತ್ತೆ ತೊದಲುತ್ತದೆ. ಹಾಸಿಗೆಯಲ್ಲಿ ಮೂತ್ರ ಹೋಗುತ್ತದೆ. ಸೌಮ್ಯ ಸ್ವಭಾವದವರು ಮನೆಯವರ ಮೇಲೆ ಹರಿಹಾಯುತ್ತಾರೆ. ಇವೆಲ್ಲವೂ ಬೇರೆ ಬೇರೆ ಕಾಯಿಲೆಗಳ ಮುಖವೂ ಹೌದು. ಆದ್ದರಿಂದಲೇ ಇದನ್ನು ಪಾರ್ಶ್ವವಾಯು ಎಂದೋ ಮರೆಗುಳಿತನ ಎಂದೋ ಪಾರ್ಕಿನ್ಸನ್ ಎಂದೋ ಖಿನ್ನತೆ ಎಂದೋ ತಿಳಿದು ಮದ್ದು ಕೊಡುವುದು ಸುಲಭ.

ವಾರ್ಡಿಗೆ ಬಂದ ಒಬ್ಬರ ವಿಚಾರ ಹೇಳುತ್ತೇನೆ, ಗುರುತು ಸಿಗದ ಹಾಗೆ. ಎಪ್ಪತ್ತು ದಾಟಿದ ನಿವೃತ್ತ ಗ್ರಾಮಲೆಕ್ಕಿಗರು. ಜೊತೆಗೆ ಬಂದ ಸೊಸೆಯ ಕೈಚೀಲದಲ್ಲಿ ಎರಡು ಕಾಗದಗಳಿದ್ದವು. ಒಂದು ನಿದ್ದೆ ಮತ್ತು ಗೊಂದಲಕ್ಕೆ ಕೊಟ್ಟ ಮಾತ್ರೆಗಳ ಚೀಟಿ, ಇನ್ನೊಂದು ಬ್ಯಾಂಕ್ ವಾಪಸು ಮಾಡಿದ ಪಿಂಚಣಿ ಹಣದ ಚಲನ್. ‘ಸಿಸ್ಟರ್, ಮಾವನವರ ಸಹಿ ಹೊಂದುವುದಿಲ್ಲ ಎಂದು ತಿರುಗಿಸಿ ಕಳಿಸಿದರು. ಜೀವಮಾನವೆಲ್ಲ ಪಹಣಿಗೆ ಸಹಿ ಹಾಕಿದ ಕೈ ಇದು’ ಎಂದು ಆಕೆ ಕಣ್ಣೊರೆಸಿಕೊಂಡರು. ಡ್ಯೂಟಿಯಲ್ಲಿದ್ದ ಕಿರಿಯ ವೈದ್ಯೆ ಆ ಚಲನ್ ಇಸಿದುಕೊಂಡು ದೀಪದ ಕೆಳಗೆ ಹಿಡಿದು ನೋಡಿದರು. ಸಹಿ ಗೆರೆಯ ಮೇಲೆ ಶುರುವಾಗಿ ಬಲಕ್ಕೆ ಹೋದಂತೆ ಕೆಳಗೆ ಜಾರಿತ್ತು, ಕೊನೆಯ ಅಕ್ಷರದ ಸುಳಿಯೇ ಇರಲಿಲ್ಲ. ಚಲನ್ ಮೇಲೆ ತಾರೀಖು ಇತ್ತು, ಮೂರು ವಾರದ ಹಿಂದಿನದು. ಅದಕ್ಕೂ ಹಿಂದಿನ ತಿಂಗಳ ಸಹಿಗೆ ಬ್ಯಾಂಕಿನವರು ತಕರಾರು ಮಾಡಿರಲಿಲ್ಲ. ಬಲಗೈ ಯಾವಾಗ ಸೋಲಲು ಶುರುವಾಯಿತು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ದಾಖಲೆ ಯಾವ ಆಸ್ಪತ್ರೆಯ ಕಡತದಲ್ಲೂ ಇರಲಿಲ್ಲ. ಕೆದಕಿ ಕೇಳಿದಾಗ, ದೀಪಾವಳಿಗೆ ಮುಂಚೆ ಕೊಟ್ಟಿಗೆಯ ಬಾಗಿಲಿಗೆ ಹಣೆ ಚಚ್ಚಿಕೊಂಡದ್ದು ಹೊರಗೆ ಬಂತು. ಸ್ಕ್ಯಾನಿನಲ್ಲಿ ಎಡಗಡೆ ಅರ್ಧಚಂದ್ರಾಕಾರದ ದಪ್ಪ ಕಪ್ಪು ಪಟ್ಟಿ. ಅವರು ಶಸ್ತ್ರಚಿಕಿತ್ಸೆಯ ನಂತರ ನಡೆದುಕೊಂಡು ಮನೆಗೆ ಹೋದರು. ಸಹಿಯ ಸುಳಿ ಮಾತ್ರ ಮೊದಲಿನಂತಾಗಲಿಲ್ಲ, ಬ್ಯಾಂಕಿನಲ್ಲಿ ಹೊಸ ಮಾದರಿ ಸಹಿ ಕೊಡಬೇಕಾಯಿತಂತೆ.

‘ಅರವತ್ತಕ್ಕೆ ಅರಳು ಮರಳು’ ಎಂದು ಗಾದೆ ಕಟ್ಟಿಟ್ಟುಕೊಂಡ ಜನ ನಾವು. ಮನೆಯವರು ಹಾಗೆ ಹೇಳಿದರೆ ನನಗೆ ಕೋಪ ಬರುವುದಿಲ್ಲ. ಆಸ್ಪತ್ರೆಯ ಚೀಟಿಯ ಮೇಲೆ ಬೇರೆ ಮಾತಿನಲ್ಲಿ ಅದನ್ನೇ ಬರೆದಾಗ ಬರುತ್ತದೆ. ಮರೆಗುಳಿತನ ಬೇರೆ, ಇದು ಬೇರೆ ಎಂದು ಗುರುತಿಸಲು ದೊಡ್ಡ ಪಾಂಡಿತ್ಯ ಬೇಕಿಲ್ಲ. ಆಲ್ಝೈಮರ್ಸ್ ವರ್ಷಗಟ್ಟಲೆ ನಿಧಾನವಾಗಿ ಬೆಳೆಯುತ್ತದೆ. ಇದು ವಾರಗಳಲ್ಲಿ ಬರುತ್ತದೆ. ‘ಯುಗಾದಿಗೆ ಹೇಗಿದ್ದರು? ಈಗ ಹೇಗಿದ್ದಾರೆ?’ ಎಂದು ಮನೆಯವರನ್ನು ಕೇಳಿ ನೋಡಿ. ಯುಗಾದಿಗೆ ಪಂಚಾಂಗ ಓದಿದ ಮನುಷ್ಯ ಕಾರಹುಣ್ಣಿಮೆಯ ಹೊತ್ತಿಗೆ ಮಗಳ ಹೆಸರು ತಪ್ಪುತ್ತಿದ್ದಾನೆ ಎಂದರೆ ಅದು ವಯಸ್ಸಿನ ಕೆಲಸವಲ್ಲ. ಮುದಿತನಕ್ಕೆ ಅಷ್ಟು ಅವಸರ ಇರುವುದಿಲ್ಲ.

ಪಾರ್ಶ್ವವಾಯುವಿನ ವಿಚಾರ ಇನ್ನೂ ಗಂಭೀರ, ಏಕೆಂದರೆ ಅಲ್ಲಿ ತಪ್ಪಿದರೆ ನಾವೇ ಹಾನಿ ಮಾಡುತ್ತೇವೆ. ಒಂದು ಪಕ್ಕ ಸೋತ ಹಿರಿಯರನ್ನು ಮೊದಲು ಕರೆದೊಯ್ಯುವುದು ಲಕ್ವಕ್ಕೆ ನಾಟಿ ಔಷಧಿ ಕೊಡುವ ಊರಿಗೆ. ಅಲ್ಲಿ ಎಣ್ಣೆ ತಿಕ್ಕಿಸಿಕೊಂಡು ಪಥ್ಯ ಮಾಡುವುದರಲ್ಲಿ ಹತ್ತು ಹದಿನೈದು ದಿನ ಹೋಗುತ್ತದೆ. ಆಸ್ಪತ್ರೆಗೇ ನೇರವಾಗಿ ಬಂದವರ ಗತಿಯೂ ಯಾವಾಗಲೂ ಉತ್ತಮವಲ್ಲ. ಸ್ಕ್ಯಾನ್ ಮಾಡಿಸದೆ, ಪಾರ್ಶ್ವವಾಯುವೇ ಇರಬೇಕು ಎಂದು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಆಸ್ಪಿರಿನ್ ಮತ್ತು ಕ್ಲೋಪಿಡೋಗ್ರೆಲ್ ಶುರು ಮಾಡಿ ಕಳಿಸಿದ ಚೀಟಿಗಳನ್ನು ನಮ್ಮ ವಾರ್ಡಿನ ಪ್ರತಿ ದಾದಿಯೂ ಕಂಡಿದ್ದಾಳೆ. ರಕ್ತನಾಳ ಮುಚ್ಚಿ ಆದ ಪಾರ್ಶ್ವವಾಯುವಿಗೆ ಆ ಮಾತ್ರೆ ಮದ್ದು. ಜಿನುಗುತ್ತಿರುವ ರಕ್ತಕ್ಕೆ ಅದೇ ಮಾತ್ರೆ ಕುಮ್ಮಕ್ಕು. ಎರಡನ್ನೂ ಹೊರಗಿನಿಂದ ನೋಡಿ, ನಾಡಿ ಹಿಡಿದು ಖಚಿತವಾಗಿ ಬೇರೆ ಮಾಡಲು ಯಾವ ತಜ್ಞರಿಗೂ ಆಗದು. ಅದಕ್ಕೆ ತಲೆಯ ಸಿ.ಟಿ. ಸ್ಕ್ಯಾನ್ ಬೇಕು.

ಹೃದಯದ ಕವಾಟ ಬದಲಿಸಿಕೊಂಡವರು, ಹೃದಯ ಬಡಿತ ಏರುಪೇರಾಗುವವರು ವಾರ್ಫರಿನ್ ಅಥವಾ ಅಸೆನೊಕೌಮರಾಲ್ ನುಂಗುತ್ತಿರುತ್ತಾರೆ. ಸ್ಟೆಂಟ್ ಹಾಕಿಸಿಕೊಂಡವರು ರಕ್ತ ತೆಳುವಾಗಿಸುವ ಬೇರೆ ಮಾತ್ರೆಗಳನ್ನು. ಆ ಮಾತ್ರೆಗಳು ಅವರ ಜೀವ ಕಾಯುತ್ತಿರುವುದು ನಿಜ, ನಿಲ್ಲಿಸಿ ಎಂದು ಯಾರೂ ಹೇಳಬಾರದು. ಆದರೆ ವಾರ್ಫರಿನ್ ನುಂಗುವವರಿಗೆ ರಕ್ತ ಎಷ್ಟು ತೆಳುವಾಗಿದೆ ಎಂದು ತಿಳಿಸುವ ಐ.ಎನ್.ಆರ್. ಪರೀಕ್ಷೆ ಕ್ರಮವಾಗಿ ಆಗಬೇಕು, ನಾನಿದ್ದ ತಾಲ್ಲೂಕು ಆಸ್ಪತ್ರೆಯಲ್ಲಿ ಅದು ಇರಲಿಲ್ಲ. ಜನ ಬಸ್ಸು ಹತ್ತಿ ಜಿಲ್ಲಾ ಕೇಂದ್ರಕ್ಕೆ ಹೋಗಲಾರದೆ ಅದೇ ಡೋಸು ನುಂಗುತ್ತಾ ಇರುತ್ತಿದ್ದರು. ಅಂಥವರು ಬಿದ್ದರೆ ಅಪಾಯ ಹಲವು ಪಟ್ಟು. ಇನ್ನು ಕುಡಿಯುವವರು. ಮದ್ಯ ಮೆದುಳನ್ನು ಬೇಗ ಕುಗ್ಗಿಸುತ್ತದೆ, ಯಕೃತ್ತು ಕೆಟ್ಟರೆ ರಕ್ತ ಹೆಪ್ಪುಗಟ್ಟುವ ಶಕ್ತಿಯೂ ಕುಂದುತ್ತದೆ, ಮೇಲಾಗಿ ಅವರು ಬೀಳುವುದೂ ಹೆಚ್ಚು. ‘ಕುಡಿದು ಬಿದ್ದಿದ್ದಾನೆ, ಇಳಿದ ಮೇಲೆ ಎದ್ದು ಹೋಗುತ್ತಾನೆ’ ಎಂದು ಕ್ಯಾಶುವಾಲಿಟಿಯ ಬೆಂಚಿನ ಮೇಲೆ ಮಲಗಿಸಿದವರಲ್ಲಿ ಕೆಲವರು ಎದ್ದು ಹೋಗಲಿಲ್ಲ.

ದೊಡ್ಡವರಿಗೆ ಇದೇ ಆದಾಗ ಏನಾಗುತ್ತದೆ ನೋಡಿ. ಬ್ರೆಜಿಲ್ ಅಧ್ಯಕ್ಷ ಲೂಲಾ ಡ ಸಿಲ್ವ 2024ರ ಅಕ್ಟೋಬರ್ 19ರಂದು ಮನೆಯ ಬಚ್ಚಲಿನಲ್ಲಿ ಬಿದ್ದರು. ತಲೆಯ ಹಿಂಭಾಗಕ್ಕೆ ಹೊಲಿಗೆ ಬಿತ್ತು, ಕೆಲಸಕ್ಕೆ ಮರಳಿದರು. ಡಿಸೆಂಬರ್ 9ರಂದು ತಲೆನೋವು ಎಂದರು. ಬ್ರೆಸಿಲಿಯಾದಲ್ಲಿ ಸ್ಕ್ಯಾನ್ ಆಯಿತು, ವಿಮಾನದಲ್ಲಿ ಸಾವೊ ಪಾಲೊಗೆ ಒಯ್ದರು, ಮರುದಿನ ನಸುಕಿನಲ್ಲೇ ಶಸ್ತ್ರಚಿಕಿತ್ಸೆ ಮುಗಿದಿತ್ತು. ಬಿದ್ದ ದಿನಕ್ಕೂ ಶಸ್ತ್ರಚಿಕಿತ್ಸೆಯಾದ ದಿನಕ್ಕೂ ನಡುವೆ ಏಳು ವಾರಕ್ಕಿಂತ ಹೆಚ್ಚು, ತಲೆನೋವಿಗೂ ಚಿಕಿತ್ಸೆಗೂ ನಡುವೆ ಒಂದು ರಾತ್ರಿ. ಅಮೆರಿಕದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ 2019ರ ಅಕ್ಟೋಬರ್‌ನಲ್ಲಿ ಒಂದಕ್ಕಿಂತ ಹೆಚ್ಚು ಸಲ ಬಿದ್ದು, ನವೆಂಬರ್‌ನಲ್ಲಿ ತಲೆಯೊಳಗಿನ ರಕ್ತ ತೆಗೆಸಿಕೊಂಡರು. ಆಗ ಅವರಿಗೆ 95. ಅದಾದ ಮೇಲೆ ಐದು ವರ್ಷ ಬದುಕಿ, ನೂರು ತುಂಬಿದ ಮೇಲೆ ತೀರಿಕೊಂಡರು. ನಮ್ಮ ಮೈಸೂರಿನಲ್ಲಿ ಹುಟ್ಟಿದ ‘ಸದ್ಗುರು’ ಜಗ್ಗಿ ವಾಸುದೇವ್ ಅವರಿಗೂ 2024ರ ಮಾರ್ಚ್‌ನಲ್ಲಿ ದೆಹಲಿಯಲ್ಲಿ ಇದೇ ಶಸ್ತ್ರಚಿಕಿತ್ಸೆ ನಡೆಯಿತು. ವಾರಗಳಿಂದ ತಲೆನೋವಿದ್ದರೂ ಕಾರ್ಯಕ್ರಮಗಳನ್ನು ಬಿಡದೆ ನಡೆಸುತ್ತಿದ್ದರೆಂದು ಆಗ ಸುದ್ದಿಯಾಗಿತ್ತು. ಇವರ ತಲೆಯಲ್ಲಿ ಸೇರಿದ ರಕ್ತಕ್ಕೂ ನಮ್ಮ ಅಡಿಕೆ ತೋಟದ ಅಜ್ಜನ ತಲೆಯಲ್ಲಿ ಸೇರುವ ರಕ್ತಕ್ಕೂ ಭೇದವಿಲ್ಲ. ಅಜ್ಜನಿಗೆ ವಿಮಾನ ಕೊಡಿ ಎಂದು ಕೇಳುತ್ತಿಲ್ಲ, ಒಂದು ಸಿ.ಟಿ. ಕೊಡಿ.

ಸಿ.ಟಿ. ಎಂದ ಕೂಡಲೇ ಯಂತ್ರ ಎಲ್ಲಿದೆ, ತಂತ್ರಜ್ಞ ಎಲ್ಲಿದ್ದಾನೆ ಎಂಬ ಕಡತ ತೆರೆದುಕೊಳ್ಳುತ್ತದೆ ಎಂಬುದು ನನಗೂ ಗೊತ್ತು. ತಲೆಯ ಸಾದಾ ಸಿ.ಟಿ.ಗೆ ಚುಚ್ಚುಮದ್ದು ಬೇಡ, ಉಪವಾಸ ಬೇಡ, ಯಂತ್ರದೊಳಗೆ ಕೆಲವೇ ನಿಮಿಷ. ಜಿಲ್ಲಾ ಆಸ್ಪತ್ರೆಗಳಲ್ಲಿ ಈಗ ಯಂತ್ರಗಳಿವೆ. ಸಮಸ್ಯೆ ಇರುವುದು ಅಲ್ಲಿಗೆ ಕಳಿಸಬೇಕು ಎಂದು ಯಾರಿಗೂ ಹೊಳೆಯದಿರುವುದರಲ್ಲಿ. ಕಳಿಸಿದರೂ ಕೋರಿಕೆ ಪತ್ರದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿ ‘ಸಿ.ವಿ.ಎ.’ (ಪಾರ್ಶ್ವವಾಯು) ಎಂದಷ್ಟೇ ಗೀಚಿರುತ್ತಾರೆ, ಬಿದ್ದ ಮಾತೇ ಇರುವುದಿಲ್ಲ. ಇದರಲ್ಲೊಂದು ಅಪಾಯವಿದೆ. ಹೊಸ ರಕ್ತ ಸ್ಕ್ಯಾನಿನಲ್ಲಿ ಬೆಳ್ಳಗೆ ಕಾಣುತ್ತದೆ, ಹಳೆಯದು ಕಪ್ಪಗೆ. ನಡುವೆ, ಎರಡು ಮೂರು ವಾರದ ಸುಮಾರಿಗೆ, ಅದು ಮೆದುಳಿನದೇ ಬೂದು ಬಣ್ಣಕ್ಕೆ ತಿರುಗುತ್ತದೆ. ಎರಡೂ ಪಕ್ಕದಲ್ಲಿ ಸಮನಾಗಿ ರಕ್ತ ಸೇರಿದ್ದರೆ ಮೆದುಳು ಒಂದು ಕಡೆಗೆ ಸರಿಯುವುದೂ ಇಲ್ಲ. ದೂರದ ಊರಿನಲ್ಲಿ ಕುಳಿತು ಕಂಪ್ಯೂಟರಿನಲ್ಲಿ ವರದಿ ಬರೆಯುವ ವೈದ್ಯರಿಗೆ ‘ಬಿದ್ದ ಇತಿಹಾಸವಿದೆ, ವಾರಗಳಿಂದ ಗೊಂದಲ’ ಎಂಬ ಒಂದು ಸಾಲು ಸಿಕ್ಕರೆ ಅವರು ಎರಡನೇ ಸಲ ನೋಡುತ್ತಾರೆ.

ಚಿಕಿತ್ಸೆಯ ವಿಷಯದಲ್ಲಿ ಹೇಳುವುದು ಬೇಕಾದಷ್ಟಿದೆ. ನಾನು ವಾರ್ಡಿನಲ್ಲಿ ಉಳಿದದ್ದೇ ಈ ರೋಗಿಗಳಿಗಾಗಿ ಎಂದರೂ ಸರಿ. ನ್ಯೂರೋಸರ್ಜರಿ ವಾರ್ಡಿನಲ್ಲಿ ಸಂತೋಷ ಅಪರೂಪ. ಗಡ್ಡೆಯವರು ಬರುತ್ತಾರೆ, ಬೈಕಿನಿಂದ ಬಿದ್ದ ಹುಡುಗರು ಬರುತ್ತಾರೆ, ತಿಂಗಳುಗಟ್ಟಲೆ ಮಲಗುತ್ತಾರೆ. ಅವರ ನಡುವೆ ಎಸ್‌ಡಿಎಚ್ ಅಜ್ಜಂದಿರು ಮಾತ್ರ ಬೇರೆ ಜಾತಿ. ತಲೆಬುರುಡೆಯಲ್ಲಿ ನಾಣ್ಯದಗಲದ ಒಂದೋ ಎರಡೋ ತೂತು ಕೊರೆಯುತ್ತಾರೆ, ಬರ್ ಹೋಲ್ ಎನ್ನುವುದು ಇದನ್ನೇ. ಹಲವರಿಗೆ ಪೂರ್ಣ ಅರಿವಳಿಕೆಯೂ ಬೇಕಾಗದು, ಆ ಜಾಗ ಮರಗಟ್ಟಿಸಿದರೆ ಸಾಕು. ಡ್ಯೂರಾ ಬಿಡಿಸಿದ ಕೂಡಲೇ ಹಳೆಯ ಲಾರಿಯ ಎಂಜಿನ್ ಆಯಿಲ್‌ನಂಥ ಕಪ್ಪು ದ್ರವ ಒತ್ತಡದಿಂದ ಹೊರಗೆ ಬರುತ್ತದೆ. ಉಪ್ಪುನೀರಿನಲ್ಲಿ ತೊಳೆಯುತ್ತಾರೆ, ನೀರು ತಿಳಿಯಾಗುವವರೆಗೆ. ಒಳಗೊಂದು ಮೆತ್ತನೆಯ ನಳಿಕೆ ಬಿಟ್ಟು ಅದನ್ನು ಮಂಚದ ಕೆಳಗಿನ ಚೀಲಕ್ಕೆ ಜೋಡಿಸುತ್ತಾರೆ. ಎರಡು ದಿನ ಆ ಚೀಲ ಕಾಯುವುದು ನಮ್ಮ ಕೆಲಸ. ಎಷ್ಟು ಮಿಲಿಲೀಟರ್ ಬಂತು, ಬಣ್ಣ ಏನು, ನಳಿಕೆ ಮಡಿಚಿಕೊಂಡಿದೆಯೇ, ರೋಗಿ ಎದ್ದು ಕುಳಿತು ಅದನ್ನು ಎಳೆದುಕೊಳ್ಳುತ್ತಿದ್ದಾರೆಯೇ. ಹಿಂದಿನ ದಿನ ಯಾರನ್ನೂ ಗುರುತಿಸದ ಅಜ್ಜ ಮರುದಿನ ಬೆಳಗಿನ ರೌಂಡ್ಸ್‌ಗೆ ಮುಂಚೆಯೇ ‘ಏನಮ್ಮಾ, ಇಲ್ಲಿ ಕಾಫಿ ಕೊಡುವ ಪದ್ಧತಿ ಇಲ್ಲವೇ?’ ಎಂದು ಕೇಳಿದ್ದುಂಟು.

ಆ ನಳಿಕೆಯ ಬಗ್ಗೆ ಒಂದು ಮಾತು. ಕೇಂಬ್ರಿಡ್ಜ್‌ನಲ್ಲಿ 215 ರೋಗಿಗಳ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ನಳಿಕೆ ಇಟ್ಟವರಲ್ಲಿ ಶೇ 9.3 ಮಂದಿಗೆ ರಕ್ತ ಮತ್ತೆ ಸೇರಿ ಮರುಶಸ್ತ್ರಚಿಕಿತ್ಸೆ ಬೇಕಾಯಿತು, ಇಡದವರಲ್ಲಿ ಶೇ 24 ಮಂದಿಗೆ. ಆರು ತಿಂಗಳೊಳಗಿನ ಸಾವೂ ನಳಿಕೆ ಇಟ್ಟವರಲ್ಲಿ ಅರ್ಧಕ್ಕಿಂತ ಕಡಿಮೆ. ಒಂದು ರಬ್ಬರಿನಂಥ ನಳಿಕೆ, ಒಂದು ಚೀಲ. ಉಗ್ರಾಣದಲ್ಲಿ ಅದು ‘ಸ್ಟಾಕ್ ಇಲ್ಲ’ ಆಗಬಾರದು. ಇನ್ನೊಂದು, ಸ್ಟೀರಾಯ್ಡ್ ಮಾತ್ರೆ ಕೊಟ್ಟು ರಕ್ತ ಕರಗುವುದನ್ನು ಕಾಯುವ ಹಳೆಯ ಅಭ್ಯಾಸ. ಬ್ರಿಟನ್ನಿನಲ್ಲಿ 748 ರೋಗಿಗಳಿಗೆ ಡೆಕ್ಸಾಮೆಥಸೋನ್ ಅಥವಾ ಖಾಲಿ ಮಾತ್ರೆ ಕೊಟ್ಟು ನೋಡಿದರು, ಫಲಿತಾಂಶ 2020ರಲ್ಲಿ ಬಂತು. ಆರು ತಿಂಗಳ ನಂತರ ಚೆನ್ನಾಗಿದ್ದವರು ಖಾಲಿ ಮಾತ್ರೆಯವರಲ್ಲಿ ಶೇ 90.3, ಸ್ಟೀರಾಯ್ಡ್‌ನವರಲ್ಲಿ ಶೇ 83.9. ಮರುಶಸ್ತ್ರಚಿಕಿತ್ಸೆ ಕಡಿಮೆಯಾಯಿತು ನಿಜ, ಒಟ್ಟಾರೆ ರೋಗಿಗೆ ಲಾಭವಾಗಲಿಲ್ಲ. ಸ್ಟೀರಾಯ್ಡ್ ರಕ್ತದ ಸಕ್ಕರೆ ಏರಿಸುವುದರಿಂದ, ಸಕ್ಕರೆ ಕಾಯಿಲೆ ಮನೆಮನೆಯಲ್ಲಿರುವ ನಮ್ಮ ರಾಜ್ಯದಲ್ಲಿ ಇದನ್ನು ಕಿವಿಗೆ ಹಾಕಿಕೊಳ್ಳಬೇಕು.

ಪೊರೆಗೆ ರಕ್ತ ಒದಗಿಸುವ ನಾಳವನ್ನು ತೊಡೆಯ ಅಥವಾ ಮಣಿಕಟ್ಟಿನ ಮೂಲಕ ಹೋಗಿ ಮುಚ್ಚುವ ಹೊಸ ವಿಧಾನವೂ ಬಂದಿದೆ. ಲೂಲಾ ಅವರಿಗೆ ಡಿಸೆಂಬರ್ 12ರಂದು ಮಾಡಿದ್ದು ಅದನ್ನೇ. 2024ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು ಅದರಿಂದ ಮರುಶಸ್ತ್ರಚಿಕಿತ್ಸೆ ತಗ್ಗುತ್ತದೆ ಎಂದು ತೋರಿಸಿದೆ. ಉದ್ಘಾಟನೆಗೆ ಒಳ್ಳೆಯ ವಸ್ತು, ಆಗಲಿ. ನನ್ನ ಬೇಡಿಕೆ ಅದಲ್ಲ.

ಎಲ್ಲರೂ ಕಾಫಿ ಕೇಳಿ ಏಳುವುದಿಲ್ಲ ಎಂಬುದನ್ನೂ ಹೇಳಬೇಕು. ಚಿಕ್ಕ ಶೇಖರಣೆಯಿದ್ದು ತೊಂದರೆ ಇಲ್ಲದವರಿಗೆ ಶಸ್ತ್ರಚಿಕಿತ್ಸೆಯೇ ಬೇಡ, ಮತ್ತೆ ಸ್ಕ್ಯಾನ್ ಮಾಡುತ್ತಾ ಕಾಯುತ್ತಾರೆ. ಎಂಬತ್ತೈದು ದಾಟಿದ, ಹೃದಯ, ಮೂತ್ರಪಿಂಡ ಸೋತ ಹಿರಿಯರಲ್ಲಿ ತಲೆ ಸರಿಹೋಗಿ ಎದೆಯ ಸೋಂಕಿನಿಂದ ತೀರಿಕೊಂಡವರಿದ್ದಾರೆ. ಆದರೆ ಫಲ ಹೇಗಿರುತ್ತದೆ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ರೋಗಿ ಯಾವ ಸ್ಥಿತಿಯಲ್ಲಿ ಬಂದರು ಎಂಬುದು. ಮಾತಾಡುತ್ತಾ ಬಂದವರು ಸಾಮಾನ್ಯವಾಗಿ ಮಾತಾಡುತ್ತಾ ಹೋಗುತ್ತಿದ್ದರು. ಕಣ್ಣಿನ ಪಾಪೆ ಹಿಗ್ಗಿ ಬಂದವರ ಬಗ್ಗೆ ಮನೆಯವರಿಗೆ ಭರವಸೆ ಹೇಳುವ ಧೈರ್ಯ ನಮಗಿರುತ್ತಿರಲಿಲ್ಲ.

ಈಗ ಬೇಡಿಕೆಗೆ ಬರುತ್ತೇನೆ. 2011ರ ಜನಗಣತಿಯಲ್ಲೇ ರಾಜ್ಯದ ಜನರಲ್ಲಿ ಶೇ 9.5ರಷ್ಟು ಮಂದಿ ಅರವತ್ತು ದಾಟಿದವರು, ಆ ಪಾಲು ಅಂದಿನಿಂದ ಏರುತ್ತಲೇ ಇದೆ. ತಮ್ಮ ಇಲಾಖೆ 2024ರಲ್ಲಿ ಕೋಲಾರದಿಂದ ಶುರು ಮಾಡಿದ ‘ಗೃಹ ಆರೋಗ್ಯ’ ಯೋಜನೆಯಲ್ಲಿ ತಂಡಗಳು ಮನೆಬಾಗಿಲಿಗೆ ಹೋಗಿ ಬಿ.ಪಿ., ಶುಗರ್ ನೋಡಿ ಮಾತ್ರೆ ಕೊಡುತ್ತಿವೆ. ಒಳ್ಳೆಯ ಕೆಲಸ. ಅದೇ ಭೇಟಿಯಲ್ಲಿ ಅರವತ್ತು ದಾಟಿದವರಿಗೆ ಎರಡು ಪ್ರಶ್ನೆ ಸೇರಿಸಿ: ಮೂರು ತಿಂಗಳಲ್ಲಿ ಬಿದ್ದಿರಾ ಅಥವಾ ತಲೆಗೆ ಪೆಟ್ಟಾಯಿತೆ? ಮೂರು ತಿಂಗಳಲ್ಲಿ ನಡಿಗೆ, ಮಾತು, ಮರೆವು, ಕೈಯ ಹಿಡಿತದಲ್ಲಿ ಬದಲಾವಣೆ ಆಯಿತೆ? ಎರಡನೆಯದನ್ನು ಮನೆಯವರನ್ನು ಕೇಳಬೇಕು, ಹಿರಿಯರು ‘ಏನೂ ಇಲ್ಲ, ಆರಾಮ’ ಎಂದೇ ಹೇಳುತ್ತಾರೆ. ಆಶಾ ಕಾರ್ಯಕರ್ತೆಗೆ ಈ ಪ್ರಶ್ನೆ ಹೊರೆಯಲ್ಲ, ಯಾವ ಮನೆಯ ಅಜ್ಜಿ ಜಾರಿದಳು ಎಂಬುದು ಅವಳಿಗೆ ಅಷ್ಟರಲ್ಲೇ ಗೊತ್ತಿರುತ್ತದೆ. ಕೇಳಿ ಬರೆದುಕೊಳ್ಳುವ ಜಾಗ ಅವಳಿಗೆ ಬೇಕು. ಬರೆದುಕೊಂಡದ್ದಕ್ಕೆ ಮುಂದೆ ಯಾರಾದರೂ ಉತ್ತರ ಕೊಡಬೇಕು.

ಎರಡನೆಯದು ಒಂದು ಸುತ್ತೋಲೆ. ಅರವತ್ತು ದಾಟಿದವರಲ್ಲಿ ದಿನಗಳಿಂದ ವಾರಗಳ ಅವಧಿಯಲ್ಲಿ ಇಂಥ ಬದಲಾವಣೆ ಕಂಡರೆ ತಲೆಯ ಸಿ.ಟಿ. ಆಗದೆ ‘ವಯೋಸಹಜ’ ಎಂದು ಚೀಟಿ ಮುಗಿಸಬಾರದು. ಒಂದು ಪಕ್ಕ ಸೋತವರಿಗೆ ಸಿ.ಟಿ.ಗೆ ಮುಂಚೆ ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಕೊಡಬಾರದು. ನಿಮ್ಹಾನ್ಸ್ ಜೊತೆಗೂಡಿ ಸರ್ಕಾರ ನಡೆಸುತ್ತಿರುವ ಮೆದುಳು ಆರೋಗ್ಯ ಕಾರ್ಯಕ್ರಮದಲ್ಲಿ ತಲೆನೋವು, ಪಾರ್ಶ್ವವಾಯು, ಮರೆಗುಳಿತನಗಳ ಬಗ್ಗೆ ವೈದ್ಯಾಧಿಕಾರಿಗಳಿಗೆ ತರಬೇತಿ ಕೊಡುತ್ತಾರೆ. ಈ ಮೂರರ ವೇಷವನ್ನೂ ಹಾಕುವ ಕಾಯಿಲೆ ಇದು, ಅದಕ್ಕೊಂದು ತರಗತಿ ಮೀಸಲಿಡಲಿ.

ಮೂರನೆಯದು ರೆಫರಲ್. ಇದರಲ್ಲಿ ನನಗೆ ಉಳಿದೆಲ್ಲಕ್ಕಿಂತ ಹೆಚ್ಚು ಸಿಟ್ಟಿದೆ. ತಾಲ್ಲೂಕಿನಿಂದ ಜಿಲ್ಲೆಗೆ ಕಳಿಸುತ್ತಾರೆ, ಅಲ್ಲಿ ಸ್ಕ್ಯಾನ್ ಆಗುತ್ತದೆ, ನ್ಯೂರೋಸರ್ಜನ್ ಇಲ್ಲ. ಅಲ್ಲಿಂದ ಇನ್ನೊಂದು ಊರಿಗೆ, ಅಲ್ಲಿ ಹಾಸಿಗೆ ಇಲ್ಲ. ಕೊನೆಗೆ ‘ನಿಮ್ಹಾನ್ಸ್‌ಗೆ ಹೋಗಿ’ ಎಂದು ರಾತ್ರಿ ಬೆಂಗಳೂರಿನ ದಾರಿ ಹಿಡಿಸುತ್ತಾರೆ. ಬರ್ ಹೋಲ್ ಮಾಡಲು ನಿಮ್ಹಾನ್ಸ್ ಬೇಕಿಲ್ಲ. ಹತ್ತಿರದಲ್ಲಿ ಯಾವ ಸರ್ಕಾರಿ ಅಥವಾ ಯೋಜನೆಗೆ ಸೇರಿದ ಆಸ್ಪತ್ರೆಯಲ್ಲಿ ಇಂದು ರಾತ್ರಿ ನ್ಯೂರೋಸರ್ಜನ್ ಇದ್ದಾರೆ ಎಂಬುದು ಆಂಬುಲೆನ್ಸ್ ಹೊರಡುವ ಮೊದಲು ಫೋನಿನಲ್ಲಿ ತಿಳಿಯಬೇಕು, ರೆಫರಲ್ ಪತ್ರದಲ್ಲಿ ಆ ಆಸ್ಪತ್ರೆಯ ಹೆಸರು ಇರಬೇಕು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದ ಕಾಗದಪತ್ರವನ್ನು ರೋಗಿ ಅಲ್ಲಿ ತಲುಪಿದ ಮೇಲೂ ಮಾಡಿಕೊಳ್ಳಬಹುದು.

ಕೊನೆಯದು ಚೀಟಿ. ತಲೆಗೆ ಪೆಟ್ಟಾಗಿ ಬಂದವರನ್ನು ಮನೆಗೆ ಕಳಿಸುವಾಗ ‘ವಾಂತಿ, ಫಿಟ್ಸ್, ನಿದ್ದೆ ಹೆಚ್ಚಾದರೆ ಒಂದೆರಡು ದಿನದಲ್ಲಿ ಬನ್ನಿ’ ಎಂದು ಹೇಳುವುದು ವಾಡಿಕೆ. ಯುವಕರಿಗೆ ಸರಿ. ಹಿರಿಯರಿಗೆ ಅಪಾಯ ಶುರುವಾಗುವುದೇ ಆ ಎರಡು ದಿನ ಕಳೆದ ಮೇಲೆ. ಆದ್ದರಿಂದ ಎಲ್ಲ ಆಸ್ಪತ್ರೆಗಳಲ್ಲೂ ಕೊಡಬಹುದಾದ ಒಂದು ಕರಡನ್ನು ಇಲ್ಲಿ ಬರೆಯುತ್ತಿದ್ದೇನೆ, ನರತಜ್ಞರು ತಿದ್ದಲಿ:

“ತಲೆಗೆ ಪೆಟ್ಟಾಗಿದೆ. ಇಂದು ಅಪಾಯ ಕಾಣುತ್ತಿಲ್ಲ. ಆದರೆ ನಿಮಗೆ ಅರವತ್ತು ದಾಟಿದ್ದರೆ, ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ ಅಥವಾ ದಿನವೂ ಮದ್ಯ ಸೇವಿಸುತ್ತಿದ್ದರೆ ಮುಂದಿನ ಮೂರು ತಿಂಗಳು ಎಚ್ಚರವಾಗಿರಿ. ತಲೆನೋವು ದಿನೇ ದಿನೇ ಹೆಚ್ಚಾದರೆ, ನಡಿಗೆ ತಪ್ಪಿದರೆ, ಒಂದು ಕೈ ಅಥವಾ ಕಾಲು ಸೋತರೆ, ಮಾತು ತೊದಲಿದರೆ, ಹೊಸದಾಗಿ ಮರೆವು ಅಥವಾ ಗೊಂದಲ ಕಂಡರೆ, ಹಗಲು ನಿದ್ದೆ ಹೆಚ್ಚಾದರೆ, ಮೂತ್ರದ ಮೇಲೆ ಹಿಡಿತ ತಪ್ಪಿದರೆ ಅದೇ ದಿನ ಈ ಚೀಟಿ ಸಮೇತ ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೆ ಬನ್ನಿ. ಎಬ್ಬಿಸಿದರೂ ಏಳದಿದ್ದರೆ 108ಕ್ಕೆ ಕರೆ ಮಾಡಿ. ವೈದ್ಯರನ್ನು ಕೇಳದೆ ಯಾವ ಮಾತ್ರೆಯನ್ನೂ ನಿಲ್ಲಿಸಬೇಡಿ.”

ಇದನ್ನು ಓದುತ್ತಿರುವ ಮಕ್ಕಳಿಗೂ, ಬೆಂಗಳೂರಿನಲ್ಲಿರಲಿ ಬಾಸ್ಟನ್ನಿನಲ್ಲಿರಲಿ, ಒಂದು ವಿನಂತಿ. ಭಾನುವಾರದ ವಿಡಿಯೊ ಕರೆಯಲ್ಲಿ ಅಪ್ಪನ ಮಾತು ಹಿಂದಿನ ತಿಂಗಳಿಗಿಂತ ಬೇರೆ ಅನಿಸಿದರೆ ನೆಟ್‌ವರ್ಕ್ ದೋಷ ಎಂದುಕೊಳ್ಳಬೇಡಿ. ‘ಅಪ್ಪಾ, ಎಲ್ಲಾದರೂ ಬಿದ್ದೆಯಾ?’ ಎಂದು ಕೇಳಿ. ಅವರು ಇಲ್ಲ ಎಂದರೆ ಅಮ್ಮನನ್ನು ಕೇಳಿ.

ಸಚಿವರೇ, ಇಲ್ಲಿ ಕೇಳಿರುವುದರಲ್ಲಿ ಹೆಚ್ಚಿನದು ಕಾಗದದ ಕೆಲಸ, ಹಣಕಾಸು ಇಲಾಖೆಯ ಸಮ್ಮತಿಗಾಗಿ ಕಾಯುವಂಥದ್ದಲ್ಲ. ಸುತ್ತೋಲೆ ಹೊರಟರೆ ಅದು ಜಿಲ್ಲಾ ಕಚೇರಿಯ ಕಡತದಲ್ಲಿ ನಿಲ್ಲದೆ ಪ್ರಾಥಮಿಕ ಆರೋಗ್ಯ ಕೇಂದ್ರದ ಡ್ರೆಸ್ಸಿಂಗ್ ಕೋಣೆಯ ಗೋಡೆಯವರೆಗೆ ಬರುವಂತೆ ನೋಡಿಕೊಳ್ಳಿ. ಚೀಟಿ ಮುದ್ರಿಸುವುದಾದರೆ ಅಕ್ಷರ ದಪ್ಪಗೆ, ದೊಡ್ಡದಾಗಿರಲಿ. ಓದಬೇಕಾದವರ ಕನ್ನಡಕ ಮನೆಯಲ್ಲೇ ಮರೆತುಹೋಗಿರುತ್ತದೆ.

ತಮ್ಮ ವಿಶ್ವಾಸಿ,
ನಿವೃತ್ತ ಶುಶ್ರೂಷಾಧಿಕಾರಿ